ಟೈಲರಮ್ಮನ ಹಿತ್ತಿಲು ನೋಡಿದ ಕ್ಯಾಮೆರಾ

ನನ್ನ ಚಿಕ್ಕಪ್ಪನ ಮಗ ತನ್ನ ಬ್ಯಾಟರಿ ಅಂಗಡಿಯ ಶಟರ್ ಎಳೆದು, ಹಳೇ ಬಾವಿಯ ಪಕ್ಕದ ಓಣಿಯಲ್ಲಿ ಮನೆಗೆ ಬರುತ್ತಿದ್ದ. ಬೀದಿ ಮಲಗಿತ್ತು. ಬಾವಿಯ ಮೇಲಿನ ಕಬ್ಬಿಣದ ಜಾಲರಿ ಮಾತ್ರ ಗಾಳಿಗೆ ಝಣ್… ಎನ್ನುತ್ತಿತ್ತು. ಅವನ ಮನೆಯ ಗೋಡೆಯ ಮೇಲಿದ್ದ ಕ್ಯಾಮೆರಾ ಅವನತ್ತ ತಿರುಗಿತು. ಕಿರ್ರ್… ಟಕ್. ಅದರಲ್ಲೇನೂ ವಿಶೇಷವಿಲ್ಲ. ಅಲುಗಿದ್ದನ್ನೆಲ್ಲ ಹಿಂಬಾಲಿಸುವ ಕ್ಯಾಮೆರಾ ಅದು. ಆದರೆ ಆಮೇಲೆ ಅದರ ಸ್ಪೀಕರ್ ಕರಕರ ಎಂದಿತು. ಒಳಗೆ ಯಾರೋ ಉಸಿರೆಳೆದ ಹಾಗೆ…

“ನೆಟ್ಟಗೆ ನಿಂತ್ಕೋ ತಮ್ಮಾ… ಹೊಟ್ಟೆ ಒಳಗೆ ಎಳ್ಕೋಬೇಡ.”

ಅವನು ನಿಂತ. ದನಿ ಪಕ್ಕದ ಮನೆಯ ಟೈಲರಮ್ಮನದು. ಟೈಲರಮ್ಮ ಸತ್ತು ತಿಂಗಳಾಗಿತ್ತು.

ಕಟ್ಟಿದ ಕತೆಯಲ್ಲ ಇದು. ನಾನು ಕಾಲೇಜು ಕಲಿತವಳು. ನಮ್ಮ ಮನೆತನದ ಹುಟ್ಟು ಸಾವು, ಕೂಡಿದ್ದು ಮುರಿದದ್ದು ಎಲ್ಲವನ್ನೂ ಆಯಾ ದಿನವೇ ಬರೆದಿಡುವವಳು. ಉಪ್ಪು ಖಾರ ಹಚ್ಚುವ ಚಾಳಿ ನನಗಿಲ್ಲ. ಈಗ ನನ್ನ ಸೊಸೆ ಮನೆಗೊಂದು ಕ್ಯಾಮೆರಾ ಆರಿಸುತ್ತಿದ್ದಾಳೆ. ಆರಿಸಲಿ. ಅದಕ್ಕೂ ಮೊದಲು ಇದನ್ನು ಕೇಳಿಸಿಕೊಳ್ಳಲಿ.

ನನ್ನ ಈ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ದುರ್ಬೀನು. ಯಾರ ಮನೆಗೆ ಯಾರು ಬಂದರೆಂಬುದು ಆ ಮನೆಯವರಿಗಿಂತ ಮೊದಲು ಇವನಿಗೆ ಗೊತ್ತು. ಎಲ್ಲೋ ಒಂದು ಸೈಕಲ್ಲು ಕಳುವಾದದ್ದೇ ನೆಪವಾಯಿತು, ಕ್ಯಾಮೆರಾ ಕೊಳ್ಳಲು ಹೊರಟ. ಅಂಗಡಿಯವನು ಗೇಟನ್ನಷ್ಟೇ ನೋಡುವಂಥದ್ದು ತೋರಿಸಿದರೆ ಇವನಿಗೆ ರುಚಿಸಲಿಲ್ಲ. ಕುತ್ತಿಗೆ ತಿರುಗಿಸುವ, ಕಿವಿಯೂ ಬಾಯಿಯೂ ಇರುವಂಥದ್ದೇ ಬೇಕೆಂದ.

“ಪಕ್ಕದ ಮನೆ ಕಾಣೋ ಕಡೆ ಕಪ್ಪು ಪಟ್ಟಿ ಬರೋ ಹಾಗೆ ಮಾಡಬಹುದು ಸಾರ್. ಮಾಡಿಕೊಡ್ಲಾ?”

“ದುಡ್ಡು ಕೊಡ್ತಿರೋದು ನೋಡೋಕಯ್ಯಾ, ಮುಚ್ಚೋಕಲ್ಲ!”

ಟೈಲರಮ್ಮ ಒಂಟಿ ಹೆಂಗಸು. ಬೀದಿಯ ಅರ್ಧ ಜನರ ಮೈ ಅಳತೆ ಅವಳ ತಲೆಯಲ್ಲಿತ್ತು. ನಾಲಿಗೆಗೆ ಮಾತ್ರ ಒಮ್ಮೆಯೂ ಇಳಿಯಲಿಲ್ಲ. ಯಾರ ಬೆನ್ನು ಗೂನು, ಯಾವ ಹುಡುಗಿ ಬಸುರಿ ಎಂದು ಮೊದಲು ತಿಳಿಯುತ್ತಿದ್ದದ್ದು ಅವಳ ಟೇಪಿಗೆ. ಟೇಪು ಸುತ್ತಿಟ್ಟಳೆಂದರೆ ಬಾಯಿಯನ್ನೂ ಸುತ್ತಿಟ್ಟಳೆಂದೇ ಅರ್ಥ. ಆ ವರ್ಷ ಕಾಯಿಲೆಯ ಔಷಧಿಗೆ ಅವಳ ತಲೆಗೂದಲು ಪೂರ್ತಿ ಉದುರಿತ್ತು. ಜನರೆದುರು ಸದಾ ತಲೆಗೆ ಬಟ್ಟೆ. ಹಿತ್ತಿಲಲ್ಲಿ ಮಾತ್ರ ಅದನ್ನು ಬಿಚ್ಚಿ, ಎಳೆ ಬಿಸಿಲಿಗೆ ತಲೆಯೊಡ್ಡಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಉಳಿದಿದ್ದ ಸುಖ ಅದೊಂದೇ.

ಒಂದು ಬೆಳಿಗ್ಗೆ ನೆತ್ತಿಯ ಮೇಲೆ ಸದ್ದು. ಕಿರ್ರ್… ಟಕ್.

ಅವಳು ಬಟ್ಟೆ ಸುತ್ತಿಕೊಂಡು ಕಾಂಪೌಂಡಿನ ಹತ್ತಿರ ಬಂದಳು. ಮುಂದಿನ ಮಾತುಗಳನ್ನು ನನಗೆ ಹೇಳಿದವಳು ದುರ್ಬೀನನ ಹೆಂಡತಿ. ಅಲ್ಲೇ ನಿಂತು ಕೇಳಿದವಳು.

“ತಮ್ಮಾ, ಆ ಕಣ್ಣನ್ನ ನಿನ್ನ ಗೇಟಿನ ಕಡೆ ತಿರುಗಿಸಪ್ಪಾ.”

“ಅಯ್ಯೋ, ನಿಮ್ಮನ್ನ ಯಾರು ನೋಡ್ತಾರೆ ಟೈಲರಮ್ಮ?”

“ನಿನ್ನ ಮೈ ಅಳತೆ ನನ್ನ ಹತ್ರ ಇದೆ. ಯಾರಿಗಾದ್ರೂ ಹೇಳಿದೀನಾ?”

“ಹೇಳ್ಕೊಳ್ಳಿ, ಯಾರು ಬೇಡ ಅಂದ್ರು? ಮೈಕ್ ಹಿಡಿದು ಬೀದಿಗೆಲ್ಲ ಕೂಗಿ!”

ಟೈಲರಮ್ಮ ಅವನನ್ನೇ ನೋಡಿದಳಂತೆ. “ಆಗ್ಲಿ ತಮ್ಮಾ. ನೀನೇ ಹೇಳಿದ್ದು.”

ಅದೇ ಸಂಜೆ ಅವಳು ಬೋಳು ತಲೆಯಲ್ಲಿ ಕೂತ ವಿಡಿಯೋ ಬೀದಿಯವರ ಮೊಬೈಲುಗಳಿಗೆಲ್ಲ ಬಂತು. ಕಳಿಸಿದವನು ದುರ್ಬೀನು, ಕೆಳಗೆ ಬರೆದಿದ್ದ: “ನಮ್ಮ ಬೀದೀಲಿ ಹಗಲೇ ಹುಣ್ಣಿಮೆ.” ನಕ್ಕರು. ಮರುದಿನ ಬಟ್ಟೆ ಹೊಲಿಸಲು ಬಂದವರ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ, ಮೇಲಕ್ಕೇ ಹೋಗುತ್ತಿತ್ತು. ಅವಳು ಹಿತ್ತಿಲ ಬಾಗಿಲು ಹಾಕಿದಳು. ಕಿಟಕಿಗಳಿಗೆ ದಪ್ಪ ಬಟ್ಟೆ ಹೊಡೆದಳು. ಬೇಸಿಗೆಯಲ್ಲಿ ಆ ಕೋಣೆ ಒಲೆಯಂತೆ ಕಾದಿತು. ಬಾಗಿಲು ಒಡೆದು ನೋಡಿದಾಗ ಮಿಷಿನ್ನಿನ ಮೇಲೆ ತಲೆಯಿಟ್ಟಿದ್ದಳು. ತಲೆಯ ಬಟ್ಟೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಒಬ್ಬಳೇ ಇರುವಾಗಲೂ ಬಿಚ್ಚಿರಲಿಲ್ಲ. ಬಾಡಿಗೆ ಮನೆಯ ಮಾಲೀಕ ಸಾಮಾನೆಲ್ಲ ಮಾರಿ ಬೀಗ ಜಡಿದ.

ಈಗ ಆ ರಾತ್ರಿಗೆ ಬನ್ನಿ. ದುರ್ಬೀನು ಗೇಟಿನ ಮುಂದೆ ನಿಂತಿದ್ದಾನೆ. ಸ್ಪೀಕರ್ ಇಡೀ ಬೀದಿಗೆ ಕೇಳುವಂತೆ ಕೂಗಿತು.

“ಎದೆ… ನಲವತ್ತೆರಡು. ಹೊಟ್ಟೆ… ನಲವತ್ತಾರು. ಎಡ ಭುಜ… ಬಲಕ್ಕಿಂತ ಇಂಚು ಕೆಳಗೆ!”

ಕಿಟಕಿಗಳು ತೆರೆದವು. ಟಕ್, ಟಕ್. ಯಾರೋ ಕಿಸಕ್ಕೆಂದರು. ಆ ಭುಜದ ವಿಷಯ ಅಕ್ಕನಾದ ನನಗೇ ಗೊತ್ತಿರಲಿಲ್ಲ. ಅಂಗಿಯ ಒಳಗೆ ಬಟ್ಟೆಯ ಮಡಿಕೆಯಿಟ್ಟು ಇಷ್ಟು ವರ್ಷ ಅದನ್ನು ಮುಚ್ಚಿದ್ದವಳು ಅವಳೇ. ಬೆಳಗಾದರೆ ಅಂಗಡಿಗೆ ಬಂದವರೆಲ್ಲ ಅವನ ಭುಜವನ್ನೇ ನೋಡತೊಡಗಿದರು.

ಮರುರಾತ್ರಿ ಮತ್ತೆ. “ಹೊಟ್ಟೆ… ನಲವತ್ತನಾಲ್ಕು.” ಅದರ ಮರುರಾತ್ರಿ ಇನ್ನೂ ಕಡಿಮೆ. ಅವಳು ಹೇಳಿದಷ್ಟಕ್ಕೆ ಅವನ ಮೈ ಇಳಿಯುತ್ತಿತ್ತು. ಬೆಲ್ಟಿಗೆ ಮೊಳೆ ಹೊಡೆದು ತೂತು ಮಾಡಿದ, ಟಪ್. ಮತ್ತೊಂದು ಮಾಡಿದ, ಟಪ್. ಡಾಕ್ಟರು ರಕ್ತ ನೋಡಿದರು, ಎಲ್ಲ ಸರಿಯಿದೆ ಅಂದರು. ಅವನು ಕ್ಯಾಮೆರಾದ ವೈರು ಕಿತ್ತ. ದನಿ ನಿಲ್ಲಲಿಲ್ಲ. ಕಲ್ಲಿನಿಂದ ಕುಟ್ಟಿ, ಜಾಲರಿ ಎತ್ತಿ, ಬಾವಿಗೆ ಎಸೆದ. ಗುಳುಂ… ಆ ರಾತ್ರಿ ಅಳತೆ ಬಾವಿಯೊಳಗಿಂದ ಬಂತು.

ಹೆಂಡತಿ ನನಗೆ ಫೋನ್ ಮಾಡಿದಳು. “ಅತ್ತಿಗೆ, ಈಗಲೇ ಬನ್ನಿ. ಇವರು ಕಿಟಕಿಗೆಲ್ಲ ಕಂಬಳಿ ಹೊಡೆದು ಒಳಗೆ ಕೂತಿದಾರೆ.”

ಹೋದೆ. ಕೋಣೆ ಧಗಧಗ ಅನ್ನುತ್ತಿತ್ತು. ಮೂಲೆಯಲ್ಲಿ ಅವನು… ಹ್ಯಾಂಗರಿಗೆ ಹಾಕಿದ ಅಂಗಿಯ ಹಾಗಿದ್ದ.

“ಲೈಟ್ ಹಾಕ್ಬೇಡ ಅಕ್ಕಾ… ಕಾಣಿಸಿಬಿಡ್ತೀನಿ.”

“ತಪ್ಪಾಯ್ತು ಅಂದ್ಯೇನೋ ಅವಳಿಗೆ?”

“ಅಂದೆ.”

“ಏನಂದ್ಲು?”

“‘ನಿನ್ನ ಯಾರು ನೋಡ್ತಾರೆ ತಮ್ಮಾ’ ಅಂದ್ಲು…”

ಆಮೇಲೆ ನನ್ನ ಕೈ ಹಿಡಿದ. ಬೆರಳು ಒಣ ಕಡ್ಡಿ.

“ಇವತ್ತು ಅಳತೆ ಕೂಗಲಿಲ್ಲ ಅಕ್ಕಾ. ಸಾಕು, ಇನ್ನು ಹೊಲೀತೀನಿ ಅಂದ್ಲು.”

ಆಗ ಗೋಡೆಯಾಚೆ ಶುರುವಾಯಿತು. ಕಟಕಟಕಟಕಟ… ನಿಂತಿತು. ಕಟಕಟ… ಕಟ. ಬೀಗ ಹಾಕಿದ ಮನೆ. ಒಳಗೆ ಮಿಷಿನ್ ಇರಲಿ, ಸ್ಟೂಲು ಕೂಡ ಇರಲಿಲ್ಲ. ನಾನು ಕೇಳಿದೆ, ಅವನ ಹೆಂಡತಿಯೂ ಕೇಳಿದಳು. ಬೆಳಕು ಹರಿಯುವ ಹೊತ್ತಿಗೆ ಸದ್ದು ನಿಂತಿತು. ನನ್ನ ಕೈಯೊಳಗಿನ ಬೆರಳೂ ತಣ್ಣಗಾಯಿತು.

ಕಳಿಸಿಕೊಡುವ ಮೊದಲು ಮೈಗೆ ಒಂದು ಅಂಗಿ ಹಾಕಬೇಕಲ್ಲ. ಹಳೆಯದು ಯಾವುದೂ ನಿಲ್ಲಲಿಲ್ಲ, ಜಾರಿ ಬೀಳುತ್ತಿತ್ತು. ಕೊನೆಗೆ ಬೀರುವಿನಲ್ಲಿ ಒಂದು ಹೊಸ ಬಿಳಿ ಅಂಗಿ ಸಿಕ್ಕಿತು. ತಾನು ತಂದದ್ದಲ್ಲ ಎಂದು ಅವನ ಹೆಂಡತಿ ಅಳುತ್ತಲೇ ಅಂದಳು. ಹಾಕಿದೆವು. ಎಲ್ಲಿಯೂ ಬಿಗಿಯಿಲ್ಲ, ಸಡಿಲವಿಲ್ಲ.

ನೀವು ನಂಬಿ, ಬಿಡಿ. ಗುಂಡಿ ಹಾಕಿದವಳು ನಾನೇ. ಕೊರಳ ಗುಂಡಿಯ ದಾರವನ್ನು ಇನ್ನೂ ಕತ್ತರಿಸಿರಲಿಲ್ಲ, ಸೂಜಿ ಅದರಲ್ಲೇ ನೇತಾಡುತ್ತಿತ್ತು. ನಾನೇ ಹಲ್ಲಿನಿಂದ ಕಡಿದು ಬಿಡಿಸಿದೆ.