ಡೊಂಕಿಯನ್ನು ಕರೆದ ಉಪ್ಪುನೀರು

ಹೂಂಗುಟ್ಟುವವರು ಹತ್ತಿರ ಬನ್ನಿ, ಕೆಮ್ಮುವವರು ಸ್ವಲ್ಪ ದೂರ ಕೂತುಕೊಳ್ಳಿ. ಯಾಕೆ ಅಂತ ಈಗಲೇ ಕೇಳಬೇಡಿ. ಕಥೆಯೇ ಹೇಳುತ್ತದೆ.

ಏಳು ಹಳ್ಳ ದಾಟಿದ ಮೇಲೆ ಒಂದು ಊರು. ಊರಿಗೆ ಹೆಸರಿತ್ತು, ನನಗೆ ಕಥೆ ಹೇಳಿದವರು ಮರೆತಿದ್ದರು. ಆ ಊರಿನಲ್ಲಿ ಕಲ್ಲವ್ವ ಅಂತ ಒಬ್ಬ ಹೆಂಗಸು. ಹಿಂದೆ ಯಾರಿಲ್ಲ, ಮುಂದೆ ಯಾರಿಲ್ಲ, ಪಕ್ಕದಲ್ಲಿ ಒಂದು ಎಮ್ಮೆ. ಎಮ್ಮೆಯ ಕೊಂಬು ಡೊಂಕು, ಅದಕ್ಕೇ ಹೆಸರು ಡೊಂಕಿ. ಡೊಂಕಿ ಹಾಲು ಕೊಟ್ಟರೆ ಕಲ್ಲವ್ವನ ಒಲೆ ಉರಿಯಬೇಕು, ಇಲ್ಲದಿದ್ದರೆ ಒಲೆಯಲ್ಲಿ ಬೆಕ್ಕು ಮಲಗಬೇಕು.

ದೇವರು ಕಲ್ಲವ್ವನಿಗೆ ಹೊಲ ಕೊಡಲಿಲ್ಲ, ಬಂಗಾರ ಕೊಡಲಿಲ್ಲ, ಗಂಟಲು ಕೊಟ್ಟ. ಎಂಥ ಗಂಟಲು ಅಂತೀರಿ? ಸಂಜೆ ಬಾಗಿಲಲ್ಲಿ ನಿಂತು "ಡೊಂಕೀ, ಬಾರೇ" ಅಂದರೆ ಗುಡ್ಡದ ಆಚೆ ಮೇಯುತ್ತಿದ್ದ ಎಮ್ಮೆ ಕಿವಿ ನಿಮಿರಿಸಿ ಹೊರಡುತ್ತಿತ್ತು. ಗುಡ್ಡದ ಆಚೆಯ ಊರಿನವರೂ ಅದೇ ಕೂಗಿಗೆ ಸಂಜೆಯ ದೀಪ ಹಚ್ಚುತ್ತಿದ್ದರು.

ಇನ್ನು ಆ ಊರಿನ ಒಂದು ಕಟ್ಟಳೆ ಕೇಳಿ. ಕಂಡವರ ಹೊಲ ಮೇಯ್ದ ದನವನ್ನು ಹಿಡಿದು ದೊಡ್ಡಿಗೆ ಕೂಡುತ್ತಿದ್ದರು. ಮಾರನೆಯ ದಿನ ಒಡೆಯ ದೊಡ್ಡಿಯ ಬಾಗಿಲಲ್ಲಿ ನಿಂತು ಮೂರು ಸಲ ಕರೆಯಬೇಕು. ದನ ಬಂದರೆ ಅವನದು. ಬರದಿದ್ದರೆ ದೊಡ್ಡಿ ಕಾಯುವ ಗೌಡನದು. ಹಗ್ಗ ಎಳೆಯುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ಹುಲ್ಲು ತೋರಿಸುವಂತಿಲ್ಲ. ಹಿಂದೊಮ್ಮೆ ಒಬ್ಬ ಭೂಪ ಹುಲ್ಲು ತೋರಿಸಿಯೇ ಊರಿನ ಅರ್ಧ ಎತ್ತುಗಳು ತನ್ನವೆಂದು ಸಾಧಿಸಿದ್ದನಂತೆ.

ದೊಡ್ಡಿ ಕಾಯುವವನು ಪರ್ವತಗೌಡ. ದಿನಾ ಬೆಳಿಗ್ಗೆ ಡೊಂಕಿಯ ಕೆಚ್ಚಲು ನೋಡುತ್ತಿದ್ದ, ನಿಟ್ಟುಸಿರು ಬಿಡುತ್ತಿದ್ದ, ಮನೆಗೆ ಹೋಗಿ ನೀರುಮಜ್ಜಿಗೆ ಕುಡಿಯುತ್ತಿದ್ದ.

ಹೀಗಿರುವಾಗ ಊರಿಗೆ ಒಂದು ಜ್ವರ ಬಂತು. ಒಬ್ಬರ ಸೀನಿನಿಂದ ಇನ್ನೊಬ್ಬರ ಮೂಗಿಗೆ ಹಾರುವ ಜ್ವರ. ಅದು ಬಂದು ಕೂತದ್ದು ಎಲ್ಲಿ? ಕಲ್ಲವ್ವನ ಗಂಟಲಲ್ಲಿ. ಉಗುಳು ನುಂಗಿದರೆ ಕಾರೆಮುಳ್ಳು ನುಂಗಿದ ಹಾಗೆ. ದನಿಯಂತೂ ಪಿಸುಗುಟ್ಟುವಷ್ಟೇ ಉಳಿಯಿತು.

ಮೂರು ಜನ ಮೂರು ಮದ್ದು ತಂದರು. ಒಬ್ಬಳು ಕುದಿಕುದಿಯುವ ಮೆಣಸಿನ ಕಷಾಯ ಕುಡಿಸಿದಳು. ನಾಲಿಗೆಯೂ ಸುಟ್ಟಿತು. ಇನ್ನೊಬ್ಬಳು, ಒಣರೊಟ್ಟಿ ತಿಂದರೆ ಅದು ಗಂಟಲನ್ನು ಉಜ್ಜಿಕೊಂಡು ಹೋಗುತ್ತದೆ ಅಂದಳು. ಉಜ್ಜಿಕೊಂಡೇ ಹೋಯಿತು, ಕಲ್ಲವ್ವನ ಕಣ್ಣಲ್ಲಿ ನೀರು ಬಂತು. ಮೂರನೆಯವಳು, "ದನಿ ಬಿದ್ದುಹೋದರೆ ಕೂಗಿ ಎಬ್ಬಿಸಬೇಕು ಕಣೇ" ಅಂದಳು. ಕಲ್ಲವ್ವ ಕೂಗಿದಳು. ಉಳಿದಿದ್ದ ಪಿಸುದನಿಯೂ ಹೋಯಿತು.

ಆಮೇಲೆ ಸೂಲಗಿತ್ತಿ ಚೌಡಜ್ಜಿ ಕೋಲೂರಿಕೊಂಡು ಬಂದಳು. ಕಲ್ಲವ್ವನ ಬಾಯಿ ತೆಗೆಸಿ, ಬೆಳಕಿಗೆ ಹಿಡಿದು, ತಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ನೋಡಿದಳು.

"ಈ ಜ್ವರ ನೆಂಟರ ಹಾಗೆ ಕಣವ್ವ. ಓಡಿಸಿದರೆ ಹೋಗಲ್ಲ, ಒಂದು ವಾರ ಇದ್ದು ತಾನಾಗಿ ಹೋಗ್ತದೆ. ಅಲ್ಲೀತನಕ ಗಂಟಲಿಗೆ ಹಿತ ಮಾಡೋದಷ್ಟೇ ನಮ್ಮ ಕೆಲಸ. ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ದಿನಕ್ಕೆ ನಾಲ್ಕು ಸಲ ಗಂಟಲು ಮುಕ್ಕಳಿಸಿ ಉಗುಳು, ಕುಡೀಬೇಡ. ತೆಳ್ಳಗೆ ಗಂಜಿ ಕುಡಿ, ಜೇನುತುಪ್ಪ ನೆಕ್ಕು. ನಿನ್ನ ಲೋಟ ಬೇರೆ ಇಡು. ಉಸಿರು ಸಿಕ್ಕಿಕೊಂಡರೆ, ಉಗುಳೂ ನುಂಗೋಕಾಗದಿದ್ದರೆ ನನ್ನ ಕಾಯಬೇಡ, ಬಂಡಿ ಕಟ್ಟಿಸಿ ಪೇಟೆಯ ವೈದ್ಯರ ಹತ್ರ ಹೋಗು. ಇನ್ನೊಂದು ಮಾತು, ಬಾಯಿ ಮುಚ್ಚಿಕೊಂಡಿರು."

ಕಲ್ಲವ್ವ ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಯದಕ್ಕೆ ಮಾತ್ರ ಸ್ವಲ್ಪ ತಡವಾಗಿ.

ಕರೆಯಲು ದನಿಯಿಲ್ಲವಲ್ಲ, ಡೊಂಕಿಯನ್ನು ಕೊಟ್ಟಿಗೆಯಲ್ಲೇ ಕಟ್ಟಿದಳು. ಒಲೆಯ ಒಂದು ಕಡೆ ಉಪ್ಪುನೀರಿನ ಚೊಂಬು, ಇನ್ನೊಂದು ಕಡೆ ತೌಡು ಕಲಸಿದ ಕಲಗಚ್ಚು. ಎರಡೂ ಬೆಚ್ಚಗಾದಾಗ ಕೊಟ್ಟಿಗೆಯ ಬಾಗಿಲಿಗೆ ಬಂದು ಆಕಾಶ ನೋಡಿ ಗೊಳಗೊಳಗೊಳ, ಥೂ. ಗೊಳಗೊಳಗೊಳ, ಥೂ. ಗೊಳಗೊಳಗೊಳ, ಥೂ. ಆಮೇಲೆ ಎಮ್ಮೆಯ ಮುಂದೆ ಕಲಗಚ್ಚಿನ ಬಾನಿ. ದಿನಕ್ಕೆ ನಾಲ್ಕು ಸಲ ಬಾನಿ ಕಂಡ ಎಮ್ಮೆ ಲೋಕದಲ್ಲಿ ಇನ್ನೊಂದಿತ್ತೇ? ಕಲ್ಲವ್ವನ ಗಂಟಲು ಬೇಗ ವಾಸಿಯಾಗದಿರಲಿ ಅಂತ ಡೊಂಕಿ ಹರಕೆ ಹೊತ್ತಿದ್ದರೂ ಹೊತ್ತಿರಬಹುದು.

ಐದನೆಯ ದಿನ ಜ್ವರ ಬಿಟ್ಟಿತು. ನೋವು ಅರ್ಧ ಉಳಿಯಿತು, ದನಿ ಬರಲಿಲ್ಲ. ಡೊಂಕಿ ಹಗ್ಗ ಜಗ್ಗಿ ಜಗ್ಗಿ ಕಿತ್ತುಕೊಂಡು ಮೇಯಲು ಹೋಯಿತು. ಸಂಜೆಯಾಯಿತು, ಕರೆ ಬರಲಿಲ್ಲ. ಕರೆ ಬರದಿದ್ದರೆ ಸಂಜೆಯಾಗಿದೆ ಅಂತ ಎಮ್ಮೆಗೆ ಹೇಗೆ ಗೊತ್ತಾಗಬೇಕು? ಮೇಯುತ್ತ ಮೇಯುತ್ತ ಜೋಳದ ಹೊಲಕ್ಕೆ ಇಳಿಯಿತು. ಹೊಲ ಯಾರದು? ಪರ್ವತಗೌಡನದು.

ಬೆಳಗಾಗುವಷ್ಟರಲ್ಲಿ ಊರೆಲ್ಲ ದೊಡ್ಡಿಯ ಮುಂದೆ ಸೇರಿತ್ತು. ಕಲ್ಲವ್ವ ಸೆರಗು ಸುತ್ತಿದ ಗಂಟಲು ಹಿಡಿದುಕೊಂಡು ನಿಂತಳು. ಕಲ್ಲುಗೋಡೆಯ ಆಚೆ ಕಡೆ ಡೊಂಕಿ ಅವಳಿಗೆ ಬೆನ್ನು ತಿರುಗಿಸಿ ಬಾಲ ಆಡಿಸುತ್ತಿತ್ತು. ಆ ಬಾಲ ನೋಡಿ ಕಲ್ಲವ್ವನಿಗೆ ಒಲೆಯ ಬೆಕ್ಕು ಕಣ್ಣಿಗೆ ಕಟ್ಟಿತು.

"ಗೌಡ್ರೆ, ಗಂಟಲು ವಾಸಿಯಾಗೋತನಕ ತಡೀರಿ" ಅಂದಳು ಚೌಡಜ್ಜಿ.

"ನಾಟಕ ಇರಬಹುದು ಅಜ್ಜಿ. ಎಲ್ಲಿ, ನಾನೇ ನೋಡ್ತೀನಿ." ಗೌಡ ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದ. "ಬಾಯಿ ತೆಗಿಯವ್ವ. ಇನ್ನೂ ತೆಗಿ."

ಕಲ್ಲವ್ವ ತೆಗೆದಳು. ತೆಗೆದವಳೇ ಕೆಮ್ಮಿದಳು. ಗೌಡ ಮುಖ ಒರೆಸಿಕೊಂಡ.

"ಕೆಂಪಗಿದೆ, ಖರೆ" ಅಂದ. ಒಳಗೊಳಗೇ ಹಿಗ್ಗಿದ. "ಆದ್ರೆ ಕಟ್ಟಳೆ ಕಟ್ಟಳೆಯೇ. ಹೋಗಲಿ, ನಾನೇನು ಕಟುಕನಲ್ಲ. ಹೆಸರೇ ಹಿಡಿದು ಕೂಗಬೇಕು ಅಂತಿಲ್ಲ. ನಿನ್ನ ಗಂಟಲಿಂದ ಏನು ಸದ್ದು ಬಂದರೂ ಕರೆ ಅಂತ ಒಪ್ತೀನಿ. ಊರೆಲ್ಲ ಸಾಕ್ಷಿ."

ಒಂದನೆಯ ಸಲ ಕಲ್ಲವ್ವ ಬಾಯಿ ತೆರೆದಳು. ಬರೀ ಗಾಳಿ ಬಂತು. ಎಮ್ಮೆ ಬಾಲ ಆಡಿಸಿತು.

ಎರಡನೆಯ ಸಲ ಹೊಟ್ಟೆ ಹಿಡಿದು ಕೂಗಿದಳು. ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದ ಹಾಗಾಯಿತು. ಎಮ್ಮೆ ಮಲಗಿಕೊಂಡಿತು. ಗಂಟಲೊಳಗೆ ಬೆಂಕಿ ಹೊತ್ತಿ ಕಲ್ಲವ್ವ ಅಲ್ಲೇ ಕುಸಿದಳು.

ಗೌಡ ಆಗಲೇ ಹಾಲಿನ ತಂಬಿಗೆ ತರಲು ಹೆಂಡತಿಗೆ ಕಣ್ಸನ್ನೆ ಮಾಡಿದ.

ಚೌಡಜ್ಜಿಗೆ ಎಮ್ಮೆಯ ಚಿಂತೆಯಿರಲಿಲ್ಲ, ಹೊತ್ತಿನ ಚಿಂತೆ. "ಎಮ್ಮೆ ಹೋದರೆ ಹೋಗಲಿ, ನೀನು ಮುಕ್ಕಳಿಸೋ ಹೊತ್ತಾಯಿತು" ಅಂತ ಮಡಿಲಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಚೊಂಬು ಕೊಟ್ಟಳು. ಕಲ್ಲವ್ವ ನೋವಿಗೆ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಆಕಾಶ ನೋಡಿದಳು.

ಗೊಳಗೊಳಗೊಳ.

ಡೊಂಕಿಯ ಎಡಗಿವಿ ಎದ್ದಿತು. ಬಲಗಿವಿ ಎದ್ದಿತು. ಆಮೇಲೆ ಎಮ್ಮೆಯೇ ಎದ್ದಿತು. ಬಾನಿ ಎಲ್ಲಿ, ಬಾನಿ ಎಲ್ಲಿ ಅಂತ ಓಡಿ ಬಂದು ಅಡ್ಡಗಟ್ಟಿದ್ದ ಬಿದಿರಿನ ಗಳು ಮುರಿದು, ಗೌಡನ ಕಾಲು ತುಳಿದು, ಕಲ್ಲವ್ವನ ಮಡಿಲಿಗೆ ಮೂತಿ ಇಟ್ಟಿತು.

"ಇದು ಕರೆಯಲ್ಲ, ಮುಕ್ಕಳಿಸಿದ್ದು" ಅಂದ ಗೌಡ, ಒಂಟಿಕಾಲಲ್ಲಿ ನಿಂತು.

"ಏನು ಸದ್ದಾದರೂ ಸರಿ ಅಂದವರು ಯಾರಪ್ಪ? ನಾನಾ?" ಅಂದಳು ಚೌಡಜ್ಜಿ. ಊರು ನಕ್ಕಿತು. ಕಲ್ಲವ್ವ ನಗಲಾರದೆ ಎಮ್ಮೆಯ ಕೊಂಬು ಹಿಡಿದುಕೊಂಡು ಮನೆಗೆ ನಡೆದಳು.

ಕಥೆ ಮುಗಿಯಿತು ಅಂದುಕೊಂಡಿರಾ? ಕೂತುಕೊಳ್ಳಿ.

ಮೂರನೆಯ ದಿನ ಪರ್ವತಗೌಡ ಉಗುಳು ನುಂಗಿದ. ಕಾರೆಮುಳ್ಳು. ಹೆಂಡತಿಯನ್ನು ಕರೆದ. ಬರೀ ಗಾಳಿ. ಚೌಡಜ್ಜಿ ಬಂದು ಅದೇ ಮಾತು ಹೇಳಿದಳು. ಗೌಡ ಹಿತ್ತಲಿಗೆ ಹೋಗಿ ಆಕಾಶ ನೋಡಿದ. ಗೊಳಗೊಳಗೊಳ. ತಲೆ ಇಳಿಸುವಷ್ಟರಲ್ಲಿ ಎದುರಿಗೆ ಡೊಂಕಿ ನಿಂತಿತ್ತು. ಬಾನಿ ಕಾಣದೆ ಹುಲ್ಲಿನ ಬಣವೆಗೆ ಬಾಯಿ ಹಾಕಿತು. ಮರುದಿನ ಗೊಳಗೊಳ ಅಂದ, ಹೀರೆಬಳ್ಳಿ ಹೋಯಿತು. ಅದರ ಮರುದಿನ ಗೊಳಗೊಳ ಅಂದ, ಒಣಹಾಕಿದ್ದ ಸಂಡಿಗೆಯ ಜೊತೆ ಗೌಡನ ರುಮಾಲೂ ಹೋಯಿತು. ಹೊಟ್ಟೆ ತುಂಬಿದ ಎಮ್ಮೆ ಸಂಜೆ ಕಲ್ಲವ್ವ ಮುಕ್ಕಳಿಸಿದ ಸದ್ದಿಗೆ ಅವಳ ಮನೆಗೆ ಹೋಗಿ ಹಾಲು ಕೊಡುತ್ತಿತ್ತು.

ಚೌಡಜ್ಜಿ ಕಲ್ಲವ್ವನ ಮನೆಯಲ್ಲಿ ಕೂತಿದ್ದಾಗ ಗೌಡನ ಹೆಂಡತಿ ಓಡಿ ಬಂದಳು. "ಕಲ್ಲಕ್ಕ, ನಿನ್ನ ಎಮ್ಮೆ ಕರಕೊಳ್ಳೇ."

ಅಷ್ಟರಲ್ಲಿ ಕಲ್ಲವ್ವನಿಗೆ ದನಿ ಬಂದಿತ್ತು. ಆದರೂ ಗಂಟಲು ಮುಟ್ಟಿ ತೋರಿಸಿ, ಚೌಡಜ್ಜಿಯ ಕಡೆ ಕೈ ಮಾಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸೆರಗು ಯಾಕೆ ಕುಣಿಯುತ್ತಿತ್ತು ಅಂತ ನೀವೇ ತಿಳಿದುಕೊಳ್ಳಿ.

"ಅವಳು ಯಾಕೆ ಕರೀಬೇಕು?" ಅಂದಳು ಚೌಡಜ್ಜಿ. "ಗೌಡ ಕರೀತಾನೆ, ಎಮ್ಮೆ ಬರ್ತದೆ. ಕಟ್ಟಳೆ ಪ್ರಕಾರ ಎಮ್ಮೆ ಗೌಡನದೇ. ಮೇಯಿಸಲಿ."

ಮುಕ್ಕಳಿಸದಿದ್ದರೆ ನೋವು, ಮುಕ್ಕಳಿಸಿದರೆ ಎಮ್ಮೆ. ಗೌಡ ಒಂದು ವಾರ ಎರಡನ್ನೂ ಅನುಭವಿಸಿದ. ಎಂಟನೆಯ ದಿನ ಬೆಳಿಗ್ಗೆ ಅವನಿಗೆ ದನಿ ಬಂತು. ಬಂದ ದನಿಯಲ್ಲಿ ಮೊದಲು ಏನು ಮಾಡಿದ? ದೇವರ ಹೆಸರು ಹೇಳಲಿಲ್ಲ, ಹೆಂಡತಿಯನ್ನು ಕರೆಯಲಿಲ್ಲ. ದೊಡ್ಡಿಯ ಗೋಡೆ ಹತ್ತಿ, ಊರಿಗೆಲ್ಲ ಕೇಳುವಂತೆ ಮೂರು ಸಲ ಕೂಗಿದ.

"ಆ ಎಮ್ಮೆ ನನ್ನದಲ್ಲ. ಆ ಎಮ್ಮೆ ನನ್ನದಲ್ಲ. ಆ ಎಮ್ಮೆ ನನ್ನದಲ್ಲ."

ಆಮೇಲೆ ಕಲ್ಲವ್ವ ಬಾಗಿಲಿಗೆ ಬಂದು ಸೆರಗು ತೆಗೆದು, "ಡೊಂಕೀ, ಬಾರೇ" ಅಂದಳು. ಗುಡ್ಡದ ಆಚೆಯ ಊರಿನಲ್ಲಿ ಹಾಡಹಗಲೇ ದೀಪ ಹಚ್ಚಿದರು.

ಎಮ್ಮೆ ಕೊಟ್ಟಿಗೆ ಸೇರಿತು, ಕಥೆ ನಿಮ್ಮ ಕಿವಿ ಸೇರಿತು. ಹೇಳಿ ಹೇಳಿ ನನ್ನ ಗಂಟಲೂ ಒಣಗಿತು, ಯಾರಾದರೂ ಒಂದು ಲೋಟ ಬಿಸಿನೀರು ಕೊಡಿ. ಉಪ್ಪು ಮಾತ್ರ ಹಾಕಬೇಡಿ. ಹೊರಗೆ ಯಾರದೋ ಎಮ್ಮೆ ಕಟ್ಟಿದ್ದಾರೆ.