ತಾರಸಿಗೆ ಹಚ್ಚಿದ ಬಣ್ಣ

ಸೋರುವ ನಲ್ಲಿಗೆ ವಾಷರ್ ಕೊಳ್ಳಲು ಜೆರ್ಬಾ ದ್ವೀಪದ ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಸಾಲ್ಹಾ ಮತ್ತು ಅವಳ ತಮ್ಮ ಫ್ರೇಜ್. ಅವನ ಕೈಯಲ್ಲಿ ತಂತಿ ಬ್ರಷ್ಷು, ಅವಳ ಕಾಲ ಬಳಿ ಸುಣ್ಣದ ಚೀಲ.

“ತಾರಸಿಗೆ ಎಣ್ಣೆ ಬಣ್ಣ ಹಚ್ಚು ಅಂತ ಯಾರು ಹೇಳಿದ್ರೋ ನಿಂಗೆ?”

“ಪ್ರತಿ ಬೇಸಿಗೇಲೂ ಸುಣ್ಣ ಬಳಿದು ಸಾಕಾಗಿತ್ತಕ್ಕ. ಇದು ಐದು ವರ್ಷ ಬರತ್ತೆ ಅಂದ್ರು.”

“ಬರತ್ತೆ. ತಾರಸಿ ಮೇಲಿನ ಮಳೆನೀರು ಇಳಿಯೋದೆಲ್ಲಿಗೆ?”

“ನೆಲದೊಳಗಿನ ತೊಟ್ಟಿಗೆ.”

“ಅದನ್ನ ಕುಡಿಯೋರ್ಯಾರು?”

“ನಾವೇ. ವರ್ಷಪೂರ್ತಿ.”

“ಅಮ್ಮ ಅಲ್ಲಿಗೆ ಚಪ್ಪಲಿ ಹಾಕ್ಕೊಂಡು ಹತ್ತೋಕೂ ಬಿಡ್ತಿರಲಿಲ್ಲ. ನೀನು ಡಬ್ಬಗಟ್ಟಲೆ ವಿಷ ಸುರಿದಿದೀಯ.”

“ಮೂರು ದಿನದಿಂದ ಕೆರೀತಾನೇ ಇದೀನಿ. ಕಾಲು ಭಾಗ ಎದ್ದಿದೆ.”

“ಅಷ್ಟರೊಳಗೆ ಮಳೆ ಬಂದ್ರೆ?”

“ತೊಟ್ಟಿ ಬಾಯಿ ಮುಚ್ಚಬೇಕು.”

“ಮುಚ್ಚಿ ಏನು ಕುಡೀತೀಯ, ಮಿಕ್ಕಿರೋ ಬಣ್ಣಾನ?”

ಸರದಿ ಬಂದಾಗ ಸಾಲ್ಹಾಳೇ ಅಂಗಡಿಯವನಿಗೆ ಹೇಳಿದಳು.

“ಇನ್ನೊಂದು ತಂತಿ ಬ್ರಷ್ ಕೊಡಪ್ಪ.”

“ಅಕ್ಕ, ನಿನ್ನ ಮಂಡಿ ನೋವು?”

“ಕೂತ್ಕೊಂಡೇ ಕೆರೀತೀನಿ. ನಡಿ, ಬಿಸಿಲೇರೋದ್ರೊಳಗೆ ಹತ್ತೋಣ.”

ಸುಣ್ಣದ ಚೀಲವನ್ನು ಆಚೀಚೆ ಹಿಡಿದುಕೊಂಡು ಇಬ್ಬರೂ ಹೊರಟರು.