ಒಂದು ನಿಮಿಷ ಅಲುಗಾಡಬೇಡಿ

ಮಲ್ಲತ್ತಹಳ್ಳಿ ಕೆರೆಯ ಕಡೆಯಿಂದ ಬಂದ ಮಳೆ ಮಧ್ಯಾಹ್ನ ಮೂರಕ್ಕೇ ಹಾಸ್ಟೆಲ್ ಲೈಬ್ರರಿಯನ್ನು ಕತ್ತಲು ಮಾಡಿತ್ತು. ಕರೆಂಟ್ ಹೋಗಿತ್ತು. ಇಂಗ್ಲಿಷ್ ಎಂ.ಎ. ಓದುತ್ತಿದ್ದ ಚೈತ್ರ, ಅವಳ ರೂಮ್‌ಮೇಟ್ ಅಮೂಲ್ಯಾ ಹಳೇ ವಾಚನಾಲಯದ ಕೀಗಾಗಿ ಅಟೆಂಡರ್ ಅಮೀನಪ್ಪನವರ ಮುಂದೆ ನಿಂತಿದ್ದರು. ನಾಳೆ ಚೈತ್ರಳ ಸೆಮಿನಾರ್. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷರು ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಮನೆಯವರು ಸುತ್ತ ನಿಂತು ತೆಗೆಸಿಕೊಳ್ಳುತ್ತಿದ್ದ ಫೋಟೊಗಳೇ ಅವಳ ವಿಷಯ. ಅಂಥದೊಂದನ್ನು ವಾಚನಾಲಯದ ಹಳೇ ಕುರ್ಚಿಯಲ್ಲಿ ತಾವೇ ತೆಗೆದು ತೋರಿಸಬೇಕು. ಅಮೂಲ್ಯಾ ಹೆಣವಾಗಿ ಕೂರಬೇಕು. ಚೈತ್ರಳಿಗೆ ದೆವ್ವದಲ್ಲಿ ನಂಬಿಕೆ ಇರಲಿಲ್ಲ, ಸೆಮಿನಾರಿನ ಇಪ್ಪತ್ತು ಅಂಕದಲ್ಲಿ ಇತ್ತು.

“ಕೂತ್ಕೊಳ್ಳಿ. ಕೇಳಿದ್ಮೇಲೂ ಬೇಕು ಅಂದ್ರೆ ಕೀ ಕೊಡ್ತೀನಿ,” ಎಂದರು ಅಮೀನಪ್ಪ.

“ಅಂಕಲ್, ಬಿಲ್ಡಪ್ ಬೇಡ,” ಅಂದಳು ಅಮೂಲ್ಯಾ. “ಹೆಣ ಆಗೋಕೆ ಪೌಡರ್ ಬೇರೆ ಬಳ್ಕೊಂಡಿದೀನಿ.”

ಅಮೀನಪ್ಪ ನಗಲಿಲ್ಲ.

“ಎಂಟು ವರ್ಷ ಆಯ್ತು ಕಣಮ್ಮಾ... ಇಂಥದೇ ಮಳೆ. ಮಧ್ವೇಶ ಅಂತ ಒಬ್ಬ, ನಿಮ್ಮ ಥರಾನೇ ಅದೇ ಪಾಠ ಓದ್ಕೊಂಡು, ಕ್ಯಾಮೆರಾ, ಸ್ಟ್ಯಾಂಡು ಹೊತ್ಕೊಂಡು ಇದೇ ವಾಚನಾಲಯಕ್ಕೆ ಬಂದ. ಅವನೇ ಹೆಣ. ಹಿಂದುಗಡೆ ಕುರ್ಚಿ ಮೇಲೆ ಕೈಯಿಟ್ಟು ನಿಂತೋಳು ಪುಟ್ಟಲಕ್ಷ್ಮಿ, ಅವನ ಕ್ಲಾಸಿನವಳು, ನಂದಿನಿ ಲೇಔಟ್ ಹುಡುಗಿ. ಆ ಕಾಲದ ಹಂಗೇ ಕ್ಯಾಮೆರಾನ ಒಂದು ನಿಮಿಷ ತೆರೆದೇ ಇಡ್ಬೇಕು ಅಂತ ಅವನ ಹಟ. ಅಷ್ಟು ಹೊತ್ತು ಉಸಿರಾಡೋ ಮನುಷ್ಯ ಅಲುಗಾಡದೆ ಇರಕ್ಕಾಗುತ್ತಾ? ಬದುಕಿರೋರು ಫೋಟೊದಲ್ಲಿ ಕಲಸಿಹೋಗ್ತಾರೆ, ಸತ್ತಿರೋರು ಮಾತ್ರ ಕಡೆದಿಟ್ಟಂಗೆ ಬೀಳ್ತಾರೆ... ನೀವೇ ಓದಿದೀರಲ್ಲ? ಸರಿ, ಫೋಟೊ ನೋಡಿದ್ರೆ, ನಗು ತಡ್ಕೊಳ್ಳಕ್ಕಾಗ್ದೆ ಹೆಣಾನೇ ಕಲಸಿಹೋಗಿತ್ತು. ಪುಟ್ಟಲಕ್ಷ್ಮಿ ಮಾತ್ರ... ರೆಪ್ಪೆ ಕೂದಲು ಎಣಿಸ್ಬೋದು, ಅಷ್ಟು ಸ್ಪಷ್ಟ. ‘ಲೇ, ನೀನೇ ಕಣೇ ಹೆಣ’ ಅಂತ ರೇಗಿಸಿದ. ಅವಳೂ ನಕ್ಕಳು. ಒಂಬತ್ತನೇ ದಿನ, ಜ್ವರ ಅಂತ ಮಲಗಿದೋಳು ಏಳಲಿಲ್ಲ.”

“ಡೆಂಗ್ಯೂ ಇರ್ಬೇಕು,” ಅಂದಳು ಚೈತ್ರ.

“ಇರ್ಬೋದು. ನಾನೂ ಹಂಗೇ ಅಂದ್ಕೊಂಡೆ... ಆದ್ರೆ ಅವನು ಬಿಡ್ಬೇಕಲ್ಲ? ತನ್ನ ಪಾಲಿನ ಸಾವು ಅವಳಿಗೆ ಹೋಯ್ತು ಅಂತ ತಲೆಗೆ ಹತ್ತಿಸ್ಕೊಂಡು, ಅವಳ ತಿಥಿ ಮುಗಿದ ಮಾರನೇ ದಿನ ಒಬ್ಬನೇ ಬಂದ. ನಾನೇ ಬೀಗ ತೆಗ್ದೆ, ನನ್ನ ಬುದ್ಧಿಗೆ ಮಣ್ಣು ಬೀಳ. ಅದೇ ಕುರ್ಚಿ, ಅದೇ ಒಂದು ನಿಮಿಷ. ಹೊರಗೆ ಬಂದು ಕ್ಯಾಮೆರಾನ ನನ್ನ ಕೈಗೆ ಕೊಟ್ಟ. ಫೋಟೊದಲ್ಲಿ ಕುರ್ಚೀಲಿ ಇವನು, ಕಡೆದಿಟ್ಟಂಗೆ. ಹಿಂದೆ ಅವಳು ನಿಂತಿದಾಳಮ್ಮಾ... ಮುಖ, ಜಡೆ, ಕೈ, ಎಲ್ಲಾ ಕಲಸಿಹೋಗಿ... ಅಲುಗಾಡಿದಾಳೆ. ಏನರ್ಥ? ನಿಮ್ಮ ಪಾಠದ ಪ್ರಕಾರ ಆ ಇಬ್ಬರಲ್ಲಿ ಬದುಕಿರೋರು ಯಾರು?”



“ಮಧ್ವೇಶ ಏನಾದ?” ಚೈತ್ರ ಕೇಳಿದಳು.

“ಅದೇ ವಾರ. ನಾಯಂಡಹಳ್ಳಿ ಹತ್ರ, ಲಾರಿ.”

ಅಮೂಲ್ಯಾ ದುಪಟ್ಟಾದಿಂದ ಮುಖದ ಪೌಡರ್ ಉಜ್ಜಿ ತೆಗೆಯುತ್ತಿದ್ದಳು. ಚೈತ್ರ ಅವಳನ್ನು ನೋಡಿದಳು. ಫೋಟೊ ಇಲ್ಲದಿದ್ದರೆ ಸೆಮಿನಾರ್ ಬರೀ ಬಾಯಿಮಾತು.

“ಇವಳು ಬೇಡ. ಕುರ್ಚೀಲಿ ನಾನೇ ಕೂರ್ತೀನಿ. ಕೀ ಕೊಡಿ ಅಂಕಲ್.”

ಅಮೀನಪ್ಪ ಕೀಯನ್ನು ಮೇಜಿನ ಮೇಲಿಟ್ಟರು. ಚೈತ್ರಳ ಕೈ ಅದರ ತನಕ ಹೋಗಿ ನಿಂತಿತು.

“ಯಾರಾದ್ರೂ ಕೂತ್ಕೊಳ್ಳಿ ತಾಯಿ, ಅದು ಲೆಕ್ಕಕ್ಕಿಲ್ಲ. ಒಳಗಿರೋವಷ್ಟು ಹೊತ್ತೂ ಅಲುಗಾಡ್ತಾನೇ ಇರಿ. ಸುಮ್ನೆ ನಿಂತೋರನ್ನ ಅಲ್ಲಿರೋ ಸತ್ತೋರು ತಮ್ಮೋರು ಅಂದ್ಕೊಂಡ್ಬಿಡ್ತಾರೆ... ಇವತ್ತು ಬೆಳಿಗ್ಗೆ ಕಸ ಗುಡಿಸಕ್ಕೆ ಹೋಗಿದ್ದೆ. ನಾನೂ ಅಷ್ಟೇ, ಒಂದು ಕಡೆ ನಿಲ್ಲಲಿಲ್ಲ.”